ತೊಳೆದ ನವಿಲು

ಹಕ್ಕಿಯ ಆಕಾರದ ಹಳೆಯ ವಿಸ್ಕಿ ಡಿಕ್ಯಾಂಟರುಗಳನ್ನು ಕೂಡಿಡುವುದಕ್ಕೆ ನನ್ನ ಬಳಿ ಒಳ್ಳೆಯ ಸಮರ್ಥನೆ ಯಾವುದೂ ಇಲ್ಲ. ಹೀಗೆ ಒಪ್ಪಿಕೊಳ್ಳುವುದು ನನಗೆ ಸುಲಭದ ಮಾತಲ್ಲ. ಮೈಸೂರಿನ ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾಸ್ಪರ್ಧೆಯ ತಂಡದಲ್ಲಿದ್ದವಳು ನಾನು. ಬೆಳಿಗ್ಗೆ ಒಂದು ವಿಷಯದ ಪರವಾಗಿ, ಊಟವಾದ ಮೇಲೆ ಅದೇ ವಿಷಯದ ವಿರುದ್ಧವಾಗಿ ಮಾತಾಡಿ ಎರಡೂ ಹೊತ್ತು ಚಪ್ಪಾಳೆ ಗಿಟ್ಟಿಸಿಕೊಂಡು ಬಂದಿದ್ದೇನೆ. ರಾಹುಕಾಲ, ವಾಸ್ತು, ಹಲ್ಲಿಶಕುನ ಎಂದು ನನ್ನೆದುರು ಬಾಯಿಬಿಟ್ಟವರು ಬೇಗ ಮನೆಗೆ ಹೋದದ್ದಿಲ್ಲ. ಅಂಥವಳು, ಅದೂ ವಿಸ್ಕಿಯ ವಾಸನೆಯೇ ಆಗದವಳು, ಡಲ್ಲಾಸ್ ಪಕ್ಕದ ರಿಚರ್ಡ್‌ಸನ್ನಿನಲ್ಲಿ ಎಂ.ಎಸ್. ಓದುತ್ತಿದ್ದ ಮೊದಲ ವರ್ಷವೇ ಒಂದು ಪಿಂಗಾಣಿ ಗೂಬೆಯನ್ನು ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ಕೂತು ರೂಮಿಗೆ ಬಂದೆ. ಯಾಕೆ ಎಂದರೆ, ಚೆನ್ನಾಗಿತ್ತು. ಇದೇ ಉತ್ತರವನ್ನು ಬೇರೆ ಯಾರಾದರೂ ಕೊಟ್ಟಿದ್ದರೆ ನಾನು ಬಿಡುತ್ತಿರಲಿಲ್ಲ.

ಆ ಹಕ್ಕಿಗಳ ಹಿನ್ನೆಲೆ ಹೇಳಿಬಿಡುತ್ತೇನೆ. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಅಮೆರಿಕದ ವಿಸ್ಕಿ ಕಂಪನಿಗಳು ಕ್ರಿಸ್‌ಮಸ್ ಉಡುಗೊರೆಗೆಂದು ಪಿಂಗಾಣಿಯ ಹಕ್ಕಿಗಳಲ್ಲಿ ವಿಸ್ಕಿ ತುಂಬಿ ಮಾರುತ್ತಿದ್ದವು. ಕೌಜುಗ, ಬಾತು, ಗಿಡುಗ, ಗೂಬೆ, ಟರ್ಕಿ ಕೋಳಿ. ಹಕ್ಕಿಯ ತಲೆಯೇ ಮುಚ್ಚಳ. ಅದನ್ನು ಕಿತ್ತರೆ ಕೆಳಗೆ ಕಾರ್ಕು. ಕೆಲವರು ಕುಡಿದು ಖಾಲಿ ಹಕ್ಕಿಯನ್ನು ಗಾಜಿನ ಬೀರುವಿನಲ್ಲಿಟ್ಟರು, ಕೆಲವರು ಕುಡಿಯದೆ ಹಾಗೆಯೇ ಇಟ್ಟರು. ಅವರು ತೀರಿಕೊಂಡ ಮೇಲೆ ಮಕ್ಕಳು ಮನೆಯ ಬಾಗಿಲು ತೆಗೆದು ಒಳಗಿರುವುದನ್ನೆಲ್ಲ ಮಾರುತ್ತಾರೆ. ಎಸ್ಟೇಟ್ ಸೇಲ್ ಎಂದರೆ ಅದೇ. ಡಲ್ಲಾಸ್ ಸುತ್ತಮುತ್ತ ವಾರಕ್ಕೆ ಹತ್ತಾರು ನಡೆಯುತ್ತವೆ. ಬೆಳಿಗ್ಗೆ ಬೇಗ ಹೋಗಿ ನಂಬರ್ ಚೀಟಿ ತೆಗೆದುಕೊಳ್ಳಬೇಕು, ಬಾಗಿಲು ತೆಗೆದಾಗ ಇಪ್ಪತ್ತಿಪ್ಪತ್ತು ಜನರನ್ನು ಒಳಗೆ ಬಿಡುತ್ತಾರೆ. ಒಳಗೆ ಒಂದೇ ನಿಯಮ: ಕೈಯಲ್ಲಿ ಹಿಡಿದವರದು ವಸ್ತು. ನೋಡಿದವರದಲ್ಲ, ಮೆಚ್ಚಿದವರದಲ್ಲ, ಅದರ ಚರಿತ್ರೆ ಬಲ್ಲವರದಂತೂ ಅಲ್ಲವೇ ಅಲ್ಲ.

ನನಗೆ ಕಾರಿರಲಿಲ್ಲ. ರೈಲು ಮುಟ್ಟುವ ಕಡೆ ಯಾರೂ ಸಾಯುತ್ತಿಲ್ಲವೇನೋ ಎನ್ನುವಷ್ಟು ದೂರ ಇರುತ್ತಿದ್ದವು ಆ ಮನೆಗಳು. ಬಸ್ಸು ಬದಲಿಸಿ, ಬಿಸಿಲಲ್ಲಿ ನಡೆದು ನಾನು ತಲುಪುವ ಹೊತ್ತಿಗೆ ಉಳಿದಿರುತ್ತಿದ್ದುದು ಟಪ್ಪರ್‌ವೇರ್ ಡಬ್ಬಿಗಳು, ಗಾಲ್ಫ್ ಕೋಲುಗಳು. ಒಂದೂವರೆ ವರ್ಷದಲ್ಲಿ ಸಿಕ್ಕಿದ್ದು ಒಟ್ಟು ಐದು ಹಕ್ಕಿ.

ಆಗ ಪರಿಚಯವಾದವರು ಆಂಟಿ. ಡಲ್ಲಾಸಿನ ಕನ್ನಡದವರು ಮಕ್ಕಳಿಗೆ ಭಾಷಣ ಸ್ಪರ್ಧೆ ಇಟ್ಟು ನನ್ನನ್ನು ತೀರ್ಪಿಗೆ ಕರೆದಿದ್ದರು. ಆಂಟಿ ಗಂಟೆ ಹೊಡೆಯುವ ಕೆಲಸಕ್ಕೆ ಕೂತಿದ್ದರು. ಮಕ್ಕಳು ಬಾಯಿಪಾಠ ಮಾಡಿದ ಕನ್ನಡ ಒಪ್ಪಿಸಿ, ಬಹುಮಾನ ಬಾರದ್ದಕ್ಕೆ ಇಂಗ್ಲಿಷಿನಲ್ಲಿ ನನ್ನ ಜೊತೆ ಜಗಳಕ್ಕೆ ಬಂದರು. ಅದು ನನಗೆ ಇಷ್ಟವಾಯಿತು. ಕೊನೆಗೆ ತೀರ್ಪುಗಾರರ ಎರಡು ಮಾತು ಎಂದು ಮೈಕು ಕೊಟ್ಟಾಗ ಎರಡು ಮಾತು ಹನ್ನೊಂದು ನಿಮಿಷವಾಯಿತು, ಆಂಟಿ ನಗುನಗುತ್ತಾ ನನಗೇ ಗಂಟೆ ಹೊಡೆದುಬಿಟ್ಟರು. ಹಾಲ್ ಹಾಲೇ ನಕ್ಕಿತು. ಆಮೇಲೆ ಅವರೇ ಬಂದು, ರಿಚರ್ಡ್‌ಸನ್ನಿಗೆ ಬಿಡುತ್ತೇನೆ ಬಾ ಎಂದು ಕಾರು ಹತ್ತಿಸಿಕೊಂಡರು. ಮೈಸೂರಿನವರು, ಟೆಲಿಕಾಂ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸ, ಮನೆ ಫ್ಲವರ್ ಮೌಂಡಿನಲ್ಲಿ. ನೀರು ಕುಡಿಯಲು ನನ್ನ ರೂಮಿಗೆ ಬಂದವರು ಕಿಟಕಿಯ ಕಟ್ಟೆಯ ಮೇಲಿದ್ದ ಐದು ಹಕ್ಕಿಗಳನ್ನು ನೋಡಿ ನಿಂತುಬಿಟ್ಟರು.

ಇದು ವಿಸ್ಕಿ ಬಾಟಲಿ ಎಂದು ನಾನು ಕೌಜುಗದ ತಲೆ ಕಿತ್ತು ತೋರಿಸಿದೆ. ಆಂಟಿ ಅದನ್ನು ವಾಪಸು ಇಡಿಸಿ, ಗೊಂಬೆ ಹಬ್ಬಕ್ಕೆ ಎಷ್ಟು ಚೆನ್ನಾಗಿರತ್ತಲ್ವೇನೇ ಎಂದರು.

ನಾನು ವಾದ ಹೂಡಬೇಕಾಗಿದ್ದ ಕ್ಷಣ ಅದು. ಹೂಡಲಿಲ್ಲ. ಅವರ ಬಳಿ ಕಾರಿತ್ತು.

ಹೀಗೆ ಶುರುವಾದವು ನಮ್ಮ ಶನಿವಾರಗಳು. ಶುಕ್ರವಾರ ನಾನು ಸೇಲುಗಳ ಫೋಟೋಗಳನ್ನೆಲ್ಲ ಜಾಲಾಡಿ, ಹಿಂದಿನ ಬೀರುವಿನಲ್ಲಿ ಮಸುಕಾಗಿ ಕಾಣುವ ಒಂದು ಕೊಕ್ಕು, ಒಂದು ಬಾಲ ಪತ್ತೆ ಹಚ್ಚಿ ವಿಳಾಸ ಕಳಿಸುತ್ತಿದ್ದೆ. ಬೆಳಿಗ್ಗೆ ಆಂಟಿ ಥರ್ಮಾಸಿನಲ್ಲಿ ಕಾಫಿ, ಡಬ್ಬಿಯಲ್ಲಿ ಅವಲಕ್ಕಿ ತಂದು ನನ್ನನ್ನು ಹತ್ತಿಸಿಕೊಳ್ಳುತ್ತಿದ್ದರು. ಕಾರಿನಲ್ಲಿ ನಾನು ಪಾಠ ಮಾಡುತ್ತಿದ್ದೆ. ತಳದಲ್ಲಿ ಅಂಟಿಸಿದ ಚೀಟಿ ಇದೆಯೇ ನೋಡಬೇಕು. ಕೊಕ್ಕಿನ ತುದಿಯನ್ನು ಉಗುರಿನಿಂದ ಸವರಿ ನೋಡಬೇಕು, ಒಡೆದದ್ದನ್ನು ಬಣ್ಣ ಬಳಿದು ಮುಚ್ಚಿರುತ್ತಾರೆ. ಎಲ್ಲಕ್ಕಿಂತ ಮುಖ್ಯವಾದದ್ದನ್ನು, ಈಗ ನೆನೆದರೆ, ನಾನು ಪಾಠದಲ್ಲಿ ಸೇರಿಸಿರಲೇ ಇಲ್ಲ. ನಾವು ಹೋಗುತ್ತಿದ್ದ ಮನೆಗಳಲ್ಲಿ ಅದು ಸಿಕ್ಕುತ್ತಲೂ ಇರಲಿಲ್ಲ.

ಮೊದಲು ಎಲ್ಲ ಸರಿಯಾಗಿಯೇ ಇತ್ತು. ಗೂಬೆ ಸಿಕ್ಕಿದರೆ ನನಗೆ, ಉಳಿದದ್ದು ಅವರಿಗೆ. ಗೂಬೆ ಮನೆಯೊಳಗೆ ಬೇಡ ಕಣೇ ಎನ್ನುತ್ತಿದ್ದರು. ಗೂಬೆ ಅಪಶಕುನ ಎನ್ನುವುದಕ್ಕೆ ಆಧಾರವೇನು ಎಂದು ನಾನು ಒಂದೆರಡು ವಾರ ಜಗಳ ಆಡಿ, ಆಮೇಲೆ ಆ ಮೂಢನಂಬಿಕೆಯ ಲಾಭ ನನಗೇ ಬರುತ್ತಿದೆ ಎಂದು ಗೊತ್ತಾಗಿ ಸುಮ್ಮನಾದೆ. ಆದರೆ ಗೂಬೆಯಲ್ಲದ ಹಕ್ಕಿಗಳು ಲೋಕದಲ್ಲಿ ಹೆಚ್ಚು. ಒಂದು ವರ್ಷದಲ್ಲಿ ಆಂಟಿಯ ಬಳಿ ಇಪ್ಪತ್ತಮೂರು ಹಕ್ಕಿಗಳಾದವು. ನನ್ನ ಬಳಿ ಎಂಟು, ಅದರಲ್ಲಿ ನಾಲ್ಕು ಗೂಬೆ. ಅವರಿಗೆ ಕಣ್ಣಿಲ್ಲ ಎಂಬುದು ನನ್ನ ದೂರಾಗಿತ್ತು. ಬಣ್ಣ ಚೆನ್ನಾಗಿದ್ದರೆ ಎತ್ತಿಕೊಳ್ಳುತ್ತಿದ್ದರು, ಅಷ್ಟೇ. ಹಾಗೆ ಎತ್ತಿಕೊಂಡದ್ದು ಹತ್ತರಲ್ಲಿ ಏಳು ಸಲ ಅಪರೂಪದ್ದೇ ಆಗಿರುತ್ತಿತ್ತು. ಕಷ್ಟಪಟ್ಟು ಓದಿದವಳ ಪಕ್ಕದಲ್ಲಿ ಕೂತು ಓದದೇ ರ್‍ಯಾಂಕು ಬರುವ ಹುಡುಗಿಯರಿರುತ್ತಾರಲ್ಲ, ಹಾಗೆ. ಆಂಟಿಗೆ ಐವತ್ತೆರಡು ವರ್ಷ, ನನಗೆ ಇಪ್ಪತ್ತನಾಲ್ಕು. ಆದರೂ ಶನಿವಾರ ಸಂಜೆ ರೂಮಿಗೆ ಬಂದು ನನ್ನ ಕಿಟಕಿಯ ಕಟ್ಟೆ ನೋಡಿ ಅವರದೆಷ್ಟು, ನನ್ನದೆಷ್ಟು ಎಂದು ಎಣಿಸುತ್ತಿದ್ದೆ. ಅದು ಅಸೂಯೆ ಎಂದು ಒಪ್ಪಿಕೊಳ್ಳದೆ, ಮಾನದಂಡಗಳ ಪ್ರಶ್ನೆ ಎಂದು ಹೆಸರಿಟ್ಟುಕೊಂಡಿದ್ದೆ.

ಅಂಕಲ್ ಹುಬ್ಬಳ್ಳಿ ಕಡೆಯವರು. ನಮ್ಮಿಬ್ಬರನ್ನೂ ಬಾಗಿಲಲ್ಲೇ ತಡೆದು ರೇಗಿಸುತ್ತಿದ್ದರು. "ಏನವಾ, ಒಳಗಿಂದು ನನಗ ಬಿಡ್ರಿ, ಹಕ್ಕಿ ನೀವಿಬ್ರೂ ಹಂಚ್ಕೊಳ್ರಿ" ಎನ್ನುವರು. ಖಾಲಿ ಬಾಟಲಿ ತರಲು ಇಷ್ಟು ಪೆಟ್ರೋಲ್ ಸುಡುವ ಹೆಂಗಸರನ್ನು ತಾವು ಎಲ್ಲೂ ಕಂಡಿಲ್ಲ ಎಂಬುದು ಅವರ ಖಾಯಂ ಮಾತು.

ನವಿಲಿನ ವಿಷಯಕ್ಕೆ ಬರುತ್ತೇನೆ. ಅದು ಇದ್ದದ್ದು ಆಸ್ಟಿನ್ನಿನಲ್ಲಿ, ಗುಡ್ಡದ ಮೇಲಿನ ಒಂದು ಮನೆಯಲ್ಲಿ. ಹದಿನೆಂಟನೇ ಫೋಟೋದ ಮೂಲೆಯಲ್ಲಿ, ದೀಪದ ಕಂಬದ ಹಿಂದೆ, ನೀಲಿ ಕತ್ತಿನ ಒಂದು ಬಾಗು ಕಂಡಿತ್ತು. ನವಿಲನ್ನು ಕಡಿಮೆ ಸಂಖ್ಯೆಯಲ್ಲಿ ಮಾಡಿದ್ದರು. ಬಾಲ ತೆಳುವಾದ್ದರಿಂದ ಹೆಚ್ಚಿನವು ಒಡೆದುಹೋಗಿದ್ದವು. ಎರಡು ವರ್ಷದಿಂದ ನನ್ನ ಕನಸಿನಲ್ಲಿದ್ದದ್ದು ಅದೊಂದೇ. ನನಗೆ ಬೇಕಾದದ್ದು ನವಿಲು ಎಂದು ಮಾತ್ರ ಆಂಟಿಗೆ ಹೇಳಿರಲಿಲ್ಲ. ಆಸ್ಟಿನ್ನಿನಲ್ಲಿ ಒಳ್ಳೆಯ ಸೇಲ್ ಇದೆ ಎಂದಷ್ಟೇ ಹೇಳಿದೆ. ಆಂಟಿ ಮೂರೂವರೆ ಗಂಟೆ ಡ್ರೈವ್ ಮಾಡಿದರು. ನಮಗೆ ಏಳು ಮತ್ತು ಎಂಟನೇ ನಂಬರು ಸಿಕ್ಕಿದವು. ಏಳು ನನ್ನದು.

ಒಳಗೆ ಹೋದ ತಕ್ಷಣ ಕಂಡಿತು. ಮಂಡಿಯೆತ್ತರದ ಮೇಜಿನ ಮೇಲೆ, ಬಾಲ ಇಡಿಯಾಗಿ, ಕಣ್ಣುಗಳಿಗೆಲ್ಲ ಬಂಗಾರದ ಬಣ್ಣದ ಸುತ್ತು. ಕತ್ತಿನ ಸುತ್ತ, ತಲೆ ಮತ್ತು ಮೈ ಸೇರುವ ಕಡೆ, ಒಂದು ಹಸಿರು ಕಾಗದದ ಪಟ್ಟಿ. ಸರ್ಕಾರ ಸುಂಕ ತೆಗೆದುಕೊಂಡದ್ದಕ್ಕೆ ಅಂಟಿಸುತ್ತಿದ್ದ ಪಟ್ಟಿ ಅದು. ತಲೆ ಕಿತ್ತರೆ ಹರಿಯುತ್ತದೆ. ಹರಿಯದ ಪಟ್ಟಿ ಇದೆ ಎಂದರೆ ನಲವತ್ತು ವರ್ಷದಿಂದ ಅದನ್ನು ಯಾರೂ ತೆಗೆದಿಲ್ಲ ಎಂದರ್ಥ. ಸಂಗ್ರಹಕಾರರು ಅದಕ್ಕಾಗಿ ಪ್ರಾಣ ಬಿಡುತ್ತಾರೆ. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡದ್ದು ಅಂದೇ.

ಕೈ ಚಾಚುವ ಮೊದಲು ಅದರ ಪಕ್ಕದ ಕಾರ್ಡನ್ನು ಓದಿದೆ. 'ಪಕ್ಷಿಯಾಕಾರದ ಹೂದಾನಿ' ಎಂದು ಬರೆದಿತ್ತು.

ಹೂದಾನಿ. ಅದನ್ನು ಹಾಗೆಯೇ ಬಿಡುವುದು ನನ್ನಿಂದಾಗಲಿಲ್ಲ. ಪಕ್ಕದಲ್ಲೇ ನಿಂತಿದ್ದ ಸೇಲಿನ ಹೆಂಗಸಿಗೆ, ಇದು ಹೂದಾನಿಯಲ್ಲ, ಡಿಕ್ಯಾಂಟರ್ ಎಂದೆ. ಆಕೆ ಹೂವಿಟ್ಟರೆ ಹೂದಾನಿಯೇ ಅಲ್ಲವೇ ಎಂದಳು. ಹಾಗಾದರೆ ಚಪ್ಪಲಿಯಲ್ಲಿ ಹೂವಿಟ್ಟರೆ ಎಂದು ನಾನು. ಆಕೆ ನಕ್ಕಳು, ನಾನು ನಗಲಿಲ್ಲ. ತಲೆ ಹೇಗೆ ಮುಚ್ಚಳವಾಗುತ್ತದೆ, ಒಳಗೆ ದ್ರವವಿರುವುದನ್ನು ಅಲುಗಿಸಿ ಹೇಗೆ ತಿಳಿಯಬಹುದು, ಇದನ್ನೆಲ್ಲ ಕ್ರಮವಾಗಿ ವಿವರಿಸಿದೆ. ಆಕೆ ಒಪ್ಪಿದಳು. ಪಾತ್ರೆಯಷ್ಟೇ ಮಾರುತ್ತಿದ್ದೇವೆ, ಒಳಗಿನದು ನಮಗೆ ಸಂಬಂಧವಿಲ್ಲ ಎಂದು ಪೆನ್ನು ತೆಗೆದು ಕಾರ್ಡು ತಿದ್ದಿದಳು. ನಾನು ಗೆದ್ದೆ. ಗೆದ್ದು ತಿರುಗಿದರೆ ಮೇಜು ಖಾಲಿ. ಆಂಟಿ ಬಾಗಿಲ ಬಳಿ ನಿಂತಿದ್ದರು, ನವಿಲನ್ನು ಮಗುವಿನ ಹಾಗೆ ಸೊಂಟಕ್ಕೇರಿಸಿಕೊಂಡು.

ವಾಪಸು ಬರುವಾಗ ಅವರೇ ಕೇಳಿದರು. "ನೀನು ಅವಳ ಜೊತೆ ಮಾತಾಡ್ತಾ ಇದ್ದೆ, ಇನ್ಯಾರಾದ್ರೂ ಎತ್ಕೊಂಡಾರು ಅಂತ ಎತ್ಕೊಂಡೆ. ನಿಂಗೆ ಬೇಕಿತ್ತೇನೇ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ನಾನು ಹೊರಗಿನ ಹುಲ್ಲುಗಾವಲು ನೋಡುತ್ತಾ ಹೇಳಿದೆ, "ಇಲ್ಲ ಆಂಟಿ. ನವಿಲು ಸ್ವಲ್ಪ ಅತಿಯಾಯ್ತು ನಂಗೆ."

ಕೊಟ್ಟದ್ದನ್ನು ತೆಗೆದುಕೊಳ್ಳುವುದು ಬೇರೆ, ಗೆಲ್ಲುವುದು ಬೇರೆ. ಶೀಲ್ಡನ್ನು ಎದುರಾಳಿ ತಂಡ ಪ್ರೀತಿಯಿಂದ ಕೊಟ್ಟರೆ ಯಾರಾದರೂ ಇಸಿದುಕೊಳ್ಳುತ್ತಾರೆಯೇ? ಆ ಮೂರೂವರೆ ಗಂಟೆಯೂ ಇಂಥವೇ ಉಪಮೆಗಳನ್ನು ಕಟ್ಟುತ್ತಾ ಕೂತಿದ್ದೆ. ಪ್ರತಿ ಸಲ ಬ್ರೇಕ್ ಹಾಕಿದಾಗ ಹಿಂದಿನ ಸೀಟಿನಲ್ಲಿ ನವಿಲಿನ ಹೊಟ್ಟೆಯೊಳಗೆ ವಿಸ್ಕಿ ಕುಲುಕುವ ಸದ್ದು ಕೇಳುತ್ತಿತ್ತು.

ನವರಾತ್ರಿಗೆ ಎರಡು ದಿನವಿದ್ದಾಗ ಆಂಟಿಯ ಫೋನ್ ಬಂತು. ಗೊಂಬೆ ಕೂರಿಸಲು ಮೆಟ್ಟಿಲು ಕಟ್ಟಿಯಾಗಿತ್ತು. ಬೇರೆ ಹಕ್ಕಿಗಳೆಲ್ಲ ಎಂದೋ ಖಾಲಿಯಾಗಿದ್ದವು, ತೊಳೆದು ಒಣಗಿಸಿದ್ದರು. ನವಿಲನ್ನು ಪಟ್ಟದ ಗೊಂಬೆಗಳ ಪಕ್ಕದಲ್ಲೇ ಇಡಬೇಕೆಂದು ಅವರಾಸೆ, ರಾಜ ರಾಣಿಯ ಬದಿಗೆ ನವಿಲು.

"ಇದರೊಳಗಿರೋದನ್ನ ಏನ್ ಮಾಡ್ಲೇ? ನಿಮ್ಮಂಕಲ್ ಲೋಟ ಹಿಡ್ಕೊಂಡು ಕೂತಿದಾರೆ."

"ಕುಡಿಯೋದು ಬೇಡ ಆಂಟಿ. ಹಳೇ ಪಿಂಗಾಣಿ, ಸೀಸ ಬಿಟ್ಕೊಂಡಿರತ್ತೆ. ಚೆಲ್ಲಿಬಿಡಿ."

"ಚೆಲ್ಲಿ ಚೆನ್ನಾಗಿ ತೊಳೀತೀನಿ. ವಿಸ್ಕಿ ಇದ್ದಿದ್ದನ್ನ ಹಾಗೇ ದೇವರ ಮುಂದೆ ಇಡೋಕಾಗತ್ತಾ. ಬಿಸಿನೀರಿಗೆ ಹುಣಸೆಹಣ್ಣು ಹಾಕಿ ಉಜ್ಲಾ?"

"ಜಿಡ್ಡು ಹೋಗೋಕೆ ಬಿಸಿನೀರೇ ಸರಿ ಆಂಟಿ."

"ಏನೂ ಆಗಲ್ವಾ?"

"ಪಿಂಗಾಣಿಗೇನಾಗತ್ತೆ."

ಈ ಸಂಭಾಷಣೆಯನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲೇ ತೀರ್ಪಿಗೆ ಹಾಕಿದ್ದೇನೆ. ಒಂದೊಂದು ವಾಕ್ಯವನ್ನೂ ಬೇರೆ ಬೇರೆಯಾಗಿ ತೆಗೆದು ನೋಡಿದರೆ ಒಂದೂ ಸುಳ್ಳಲ್ಲ. ಸೀಸದ ಮಾತು ನಿಜ. ಜಿಡ್ಡಿನ ಮಾತು ನಿಜ. ಪಿಂಗಾಣಿಗೆ ಬಿಸಿನೀರಿನಿಂದ ಏನೂ ಆಗುವುದಿಲ್ಲ ಎಂಬುದೂ ನಿಜ. ಕಾಗದದ ಪಟ್ಟಿಗೆ ಆಗುತ್ತದೆ, ತಳದ ಚೀಟಿಗೆ ಆಗುತ್ತದೆ, ಹಕ್ಕಿಯನ್ನು ಭಟ್ಟಿಯಲ್ಲಿ ಸುಟ್ಟ ಮೇಲೆ ಬಳಿದ ಬಂಗಾರದ ಬಣ್ಣಕ್ಕೆ ಖಂಡಿತ ಆಗುತ್ತದೆ. ಅದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಯಾರಾದರೂ ತಪ್ಪು ಹೇಳಿದರೆ ಎದ್ದುನಿಂತು ತಿದ್ದುವ ಚಟದವಳು, ಅಪರಿಚಿತ ಹೆಂಗಸಿನ ಕಾರ್ಡು ತಿದ್ದಿದವಳು, ಆ ದಿನ ತೆಪ್ಪಗಿದ್ದೆ. ಫೋನಿಟ್ಟ ಮೇಲೆ ನನ್ನ ಎಂಟು ಹಕ್ಕಿಗಳ ಧೂಳು ಒರೆಸಿದೆ. ಒಣ ಬಟ್ಟೆಯಲ್ಲಿ.

ಗೊಂಬೆ ನೋಡಲು ಮೊದಲ ದಿನವೇ ಹೋದೆ. ಭಕ್ತಿಗಲ್ಲ, ಆಸೆಗೆ. ಆಂಟಿಯ ಸಪ್ಪೆ ಮುಖ ನೋಡಬೇಕೆಂಬ ಆಸೆ. ಮನೆ ತುಂಬ ಜನ. ಒಂಬತ್ತು ಮೆಟ್ಟಿಲು, ಮೇಲಿನ ಮೆಟ್ಟಿಲಿನಲ್ಲಿ ಪಟ್ಟದ ಗೊಂಬೆ, ಪಕ್ಕದಲ್ಲಿ ನವಿಲು. ನಾನಂದುಕೊಂಡಂತೆಯೇ ಆಗಿತ್ತು. ಪಟ್ಟಿ ಇರಲಿಲ್ಲ. ಬಾಲದ ಬಂಗಾರವೆಲ್ಲ ತೊಳೆದುಹೋಗಿತ್ತು. ಆದರೆ ಆಂಟಿ ಸಪ್ಪಗಾಗಿರಲಿಲ್ಲ. ಕೋಲಾಟದ ಕೋಲಿಗೆ ಬಳಿಯಲು ತಂದಿದ್ದ ಬಂಗಾರದ ಬಣ್ಣದಿಂದ ಒಂದೊಂದು ಕಣ್ಣಿಗೂ ತಾವೇ ಹೊಸ ಸುತ್ತು ಹಾಕಿದ್ದರು, ಹಣೆಗೆ ಒಂದು ಚುಕ್ಕೆ ಕುಂಕುಮ ಬೇರೆ. ಹಳೆಯದಕ್ಕಿಂತ ಎರಡರಷ್ಟು ಹೊಳೆಯುತ್ತಿತ್ತು. ಬಂದವರೆಲ್ಲ ಅದರ ಮುಂದೆಯೇ ನಿಂತು ಫೋಟೋ ತೆಗೆಸಿಕೊಂಡರು. ಏನ್ ಕಣ್ಣು ಆಂಟಿ ನಿಮ್ದು ಎಂದರು ಯಾರೋ. ನಮ್ಮ ಹುಡುಗಿ ಕಲಿಸಿದ್ದು ಎಂದು ಆಂಟಿ ನನ್ನ ಭುಜ ಹಿಡಿದು ಎಲ್ಲರಿಗೂ ತೋರಿಸಿದರು.

ನಾನು ಗೊಂಬೆ ನೋಡಲು ಬಂದವರಿಗೆ ಕೊಡುವ ಚರ್ಪಿನ ಪೊಟ್ಟಣ ಹಿಡಿದು, ಕೊಬ್ಬರಿ ಮಿಠಾಯಿ ಅಗಿಯುತ್ತಾ ನಿಂತಿದ್ದೆ. ಹಾಳುಮಾಡಿದರೂ ಅವರ ಸಂತೋಷ ಹಾಳಾಗಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ವಸ್ತು ಕೆಟ್ಟಿತು ಎಂದು ಗೊತ್ತಿರುವವಳು ಇಡೀ ಮನೆಯಲ್ಲಿ ನಾನೊಬ್ಬಳೇ. ಅದರಿಂದ ನನಗೆ ಬಂದದ್ದು ಏನು? ನವಿಲೂ ಇಲ್ಲ, ಪಟ್ಟಿಯೂ ಇಲ್ಲ. ಭುಜದ ಮೇಲೆ ಅವರ ಕೈ ಮಾತ್ರ. ಆ ಕೈ ನನಗೆ ಎಷ್ಟು ಬೇಕಾಗಿತ್ತು ಎಂದು ಆ ಸಂಜೆಯೇ ಮೊದಲ ಸಲ ಗೊತ್ತಾದದ್ದು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಮಾರ್ಚಿನಲ್ಲಿ ಹ್ಯೂಸ್ಟನ್ನಿನಲ್ಲಿ ಸಂಗ್ರಹಕಾರರ ಕೂಟವಿತ್ತು. ಹೈವೇ ಪಕ್ಕದ ಹೋಟೆಲಿನ ಹಾಲಿನಲ್ಲಿ, ಉದ್ದ ಮೇಜುಗಳ ಮೇಲೆ ಅವರವರ ಡಿಕ್ಯಾಂಟರುಗಳನ್ನಿಟ್ಟು ಒಬ್ಬರಿಗೊಬ್ಬರು ತೋರಿಸುವ ದಿನ. ಅದರ ಬಗ್ಗೆ ಆಂಟಿಗೆ ಬಾಯಿತಪ್ಪಿ ಹೇಳಿದ್ದವಳು ನಾನೇ. ಹೋಗೋಣ ಎಂದರು. ದೂರ ಎಂದೆ. "ನಮ್ಮ ನವಿಲನ್ನೂ ನಾಲ್ಕು ಜನ ತಿಳಿದವರು ನೋಡ್ಲಿ" ಎಂದರು. ನೀವು ಹೋಗಿಬನ್ನಿ ಎನ್ನಬಹುದಿತ್ತು. ಆದರೆ ತಿಳಿದವರ ನಡುವೆ ನಾನು ಮಾತಾಡಬೇಕೆಂದು ಎಷ್ಟು ದಿನದಿಂದ ಕಾದಿದ್ದೆ! ನವಿಲನ್ನು ಟವೆಲಿನಲ್ಲಿ ಸುತ್ತಿ ನನ್ನ ಮಡಿಲಿಗೇ ಕೊಟ್ಟರು. ನಾಲ್ಕು ಗಂಟೆ ಹಿಡಿದುಕೊಂಡು ಕೂತೆ. ಹೇಳುವುದಾದರೆ ಈಗಲೇ ಹೇಳಬೇಕು ಎಂದು ಪ್ರತಿ ಊರಿನ ಬೋರ್ಡು ಬಂದಾಗಲೂ ಅಂದುಕೊಂಡೆ. ವಾದಗಳು ಸಿದ್ಧವಾಗಿದ್ದವು: ಕೇಳಿದ್ದಕ್ಕೆ ಉತ್ತರ ಕೊಟ್ಟೆ, ವಸ್ತು ನಿಮ್ಮದು, ತೊಳೆಯಬೇಕೆಂದದ್ದು ನೀವು. ಎಲ್ಲ ಖಂಡನೆಗೂ ಪ್ರತಿಖಂಡನೆ ಇತ್ತು. ಬಾಯಿ ತೆರೆಯಲಿಲ್ಲ.

ಹಾಲಿನಲ್ಲಿ ಬಹುಪಾಲು ನರೆತ ತಲೆಯ ಗಂಡಸರು. ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದ ಒಬ್ಬ ಅಜ್ಜ ನಮ್ಮ ಮೇಜಿಗೆ ಬಂದ. ನನ್ನ ಗೂಬೆಗಳನ್ನು ನೋಡಿ ಮೆಚ್ಚಿ ಒಂದೆರಡು ಪ್ರಶ್ನೆ ಕೇಳಿದ. ನನಗೆ ಅಷ್ಟೇ ಸಾಕಾಯಿತು. ಅಚ್ಚುಗಳ ಗುರುತು, ಯಾವ ವರ್ಷದ ಕೊಕ್ಕು ಹೇಗೆ, ಎಲ್ಲ ಹೇಳಿದೆ. ಅವನು ತಲೆಯಾಡಿಸಿದಷ್ಟೂ ನಾನು ಹೇಳುತ್ತಾ ಹೋದೆ. ಸುಂಕದ ಪಟ್ಟಿಯ ತನಕ ಬಂದೆ. ಅದರ ಬಣ್ಣ, ಅದರ ಅಂಟು ಎಷ್ಟು ಬೇಗ ನೀರಿಗೆ ಬಿಡುತ್ತದೆ, ಪಟ್ಟಿಯಿರುವ ಹಕ್ಕಿಯನ್ನು ಒದ್ದೆ ಬಟ್ಟೆಯಲ್ಲಿ ಮುಟ್ಟಲೂ ಬಾರದು ಎಂಬುದು ಯಾಕೆ. ಆಂಟಿ ಎರಡು ಹೆಜ್ಜೆ ಹಿಂದೆ ಕಾಫಿಯ ಕಾಗದದ ಲೋಟ ಹಿಡಿದು ನಿಂತಿದ್ದರು. ಇವಳಿಗೆ ಎಲ್ಲ ಗೊತ್ತು ಎಂದು ಅಜ್ಜನಿಗೆ ಇಂಗ್ಲಿಷಿನಲ್ಲಿ ಹೆಮ್ಮೆಯಿಂದ ಹೇಳಿದ್ದೂ ಕೇಳಿಸಿತ್ತು.

ಅಜ್ಜ ನವಿಲನ್ನು ಎರಡೂ ಕೈಯಲ್ಲಿ ಎತ್ತಿದ. ಕತ್ತನ್ನು ಬೆಳಕಿಗೆ ಹಿಡಿದ. ಅಲ್ಲಿ ಮೆರುಗಿನ ಮೇಲೆ ಪಟ್ಟಿಯಿದ್ದ ಜಾಗ ಒಂದು ಗೆರೆಯಾಗಿ ಉಳಿದಿತ್ತು, ಉಂಗುರ ತೆಗೆದ ಬೆರಳಿನ ಹಾಗೆ. ಇದರ ಪಟ್ಟಿ ಇತ್ತೀಚಿನವರೆಗೆ ಇತ್ತಲ್ಲ ಎಂದ. ಹರಿಯದ ಪಟ್ಟಿಯ ನವಿಲನ್ನು ತಾನು ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ನೋಡಿದ್ದೇನೆ ಎಂದ. ಯಾರು ತೊಳೆದದ್ದು ಎಂದು ಮೆಲ್ಲಗೆ, ಬೈಯುವ ದನಿಯಲ್ಲೇನೂ ಅಲ್ಲದೆ ಕೇಳಿದ. ಆಂಟಿ ನಾನೇ ಎಂದರು. ಯಾರೂ ಹೇಳಲಿಲ್ಲವೇ ಎಂದ. ಇಲ್ಲ, ಯಾರನ್ನೂ ಕೇಳಲಿಲ್ಲ ಎಂದರು ಆಂಟಿ.

ಅಜ್ಜ ನನ್ನ ಕಡೆ ಒಮ್ಮೆ ನೋಡಿದ. ನವಿಲನ್ನು ಇಟ್ಟು, ಚೆಂದದ ಹಕ್ಕಿ ಎಂದು ಹೇಳಿ ಮುಂದಿನ ಮೇಜಿಗೆ ಹೋದ.

ಹಿಂತಿರುಗುವ ಮೊದಲು ಹ್ಯೂಸ್ಟನ್ ಪಕ್ಕದ ಸ್ಟಾಫರ್ಡಿನಲ್ಲಿ ಊಟಕ್ಕೆ ನಿಲ್ಲಿಸಿದೆವು. ಬರುವಾಗಲೇ ಅಂದುಕೊಂಡಿದ್ದೆವು, ಅಲ್ಲಿಯ ಇಂಡಿಯನ್ ಅಂಗಡಿಯಲ್ಲಿ ಹುರಳಿಕಾಯಿ, ಕರಿಬೇವು ತೆಗೆದುಕೊಂಡು, ಪಕ್ಕದಲ್ಲೇ ದೋಸೆ ತಿಂದು ಹೋಗುವುದೆಂದು. ತಟ್ಟೆ ಬಂದ ಮೇಲೂ ಆಂಟಿ ಮುಟ್ಟಲಿಲ್ಲ.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಆಂಟಿ."

"ಬಿಸಿನೀರಾ ಅಂತ ಕೇಳ್ದೆ ನಾನು."

"ಹೂಂ."

ನಾಲ್ಕು ಗಂಟೆ ದಾರಿಯುದ್ದಕ್ಕೂ ಪೇರಿಸಿಟ್ಟಿದ್ದ ವಾದಗಳಲ್ಲಿ ಒಂದನ್ನೂ ಎತ್ತಲಾಗಲಿಲ್ಲ. ಅವು ಸೋಲುತ್ತವೆಂದಲ್ಲ. ಅವರೆದುರು ಗೆದ್ದು ಏನು ಮಾಡಲಿ?

"ಬಣ್ಣ ಹೋಗಿದ್ದಕ್ಕಲ್ಲ ಕಣೇ" ಎಂದರು. "ಬಣ್ಣ ಬಳ್ಕೊಂಡೆ, ಹೋಯ್ತು. ನೀನು ಬಾಯ್ ಮುಚ್ಕೊಂಡಿದ್ಯಲ್ಲ, ಅದು ಹೇಗೆ ಸಾಧ್ಯ ಆಯ್ತು ನಿಂಗೆ ಅಂತ. ಅವತ್ತು ನಿನ್ ಬಾಯಿಗೆ ನಾನೇ ಗಂಟೆ ಹೊಡೀಬೇಕಾಯ್ತು."

ನಾನು ಅಳಲಿಲ್ಲ, ಸಾಂಬಾರಿನ ಬಟ್ಟಲನ್ನು ಅತ್ತಿತ್ತ ಸರಿಸುತ್ತಿದ್ದೆ. ಆಮೇಲೆ ಬಹಳ ಮೂರ್ಖ ಮಾತೊಂದು ಬಾಯಿಗೆ ಬಂತು. ಆದರೆ ಪರಿಚಯವಾದಾಗಿನಿಂದ ಅವರಿಗೆ ನಾನು ಹೇಳಿದ ಮೊದಲ ನಿಜವಾದ ಮಾತು ಅದೇ ಇರಬೇಕು.

"ನಂಗೆ ಬೇಕಿತ್ತು ಅದು. ಈಗ್ಲೂ ಬೇಕು."

ಆಂಟಿ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಅಂದು ಕೇಳಿದ್ದರೆ ಕೊಟ್ಟುಬಿಡುತ್ತಿದ್ದೆ ಎಂದರು. "ಈಗಾಗಲ್ಲ. ಕೂರ್ಸಾಗಿದೆ. ಒಂದ್ಸಲ ಕೂರ್ಸಿದ ಗೊಂಬೆ, ಮುಂದಿನ ವರ್ಷ ಅದೇ ಜಾಗಕ್ಕೆ ಬರಬೇಕು. ನಮ್ಮಮ್ಮ ಒಡೆದ ಗೊಂಬೇನೂ ಕೊಡ್ತಿರ್ಲಿಲ್ಲ."

ಅದಕ್ಕೆ ಆಧಾರವೇನು ಎಂದು ನಾನು ಕೇಳಲಿಲ್ಲ.

ಡಲ್ಲಾಸ್ ತನಕ ನವಿಲು ಹಿಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಸಿಕೊಂಡು ಬಂತು. ಆಂಟಿ ರೇಡಿಯೋ ಹಾಕಿದರು. ನನ್ನ ಅಪಾರ್ಟ್‌ಮೆಂಟಿನ ಮುಂದೆ ನಿಲ್ಲಿಸಿ, ಕರಿಬೇವಿನ ಕಟ್ಟಿನಲ್ಲಿ ಅರ್ಧ ಮುರಿದು ಕೊಟ್ಟರು. ಮುಂದಿನ ಶುಕ್ರವಾರ ನಾನು ವಿಳಾಸ ಕಳಿಸಿದೆ. ಈ ವಾರ ಆಗಲ್ಲ ಎಂದು ಉತ್ತರ ಬಂತು. ಅದರ ಮುಂದಿನ ವಾರವೂ ಅಷ್ಟೇ. ಮೂರನೇ ವಾರ ನಾನು ಕಳಿಸಲಿಲ್ಲ.

ಬೇಸಿಗೆಯಲ್ಲಿ ಯಾರದೋ ಫೇಸ್‌ಬುಕ್ಕಿನಲ್ಲಿ ನೋಡಿದೆ. ಬೆಂಗಳೂರಿನಿಂದ ಬಂದ ಹೊಸ ಹುಡುಗಿ, ನಮ್ಮದೇ ಯೂನಿವರ್ಸಿಟಿ, ನನಗಿಂತ ಎರಡು ವರ್ಷ ಚಿಕ್ಕವಳು. ಒಂದು ಪಿಂಗಾಣಿ ಬಾತಿನ ಜೊತೆ ಸೆಲ್ಫಿ, ಪಕ್ಕದಲ್ಲಿ ಆಂಟಿ, ಕೈಯಲ್ಲಿ ಥರ್ಮಾಸು. ಬಾತು ಸಾಧಾರಣದ್ದು, ಎಲ್ಲೆಲ್ಲೂ ಸಿಗುತ್ತದೆ. ಅದನ್ನು ಒಂದು ಕಾಮೆಂಟಾಗಿ ಟೈಪ್ ಮಾಡಿ ಅಳಿಸಿದೆ. ಇಪ್ಪತ್ತಮೂರು ಹಕ್ಕಿಗಳು ನನ್ನನ್ನು ಅಷ್ಟು ಕಾಡಿರಲಿಲ್ಲ. ಆ ಥರ್ಮಾಸು ಕಾಡಿತು.

ಆಗಸ್ಟಿನ ಒಂದು ಶನಿವಾರ, ಎರಡು ಬಸ್ಸು ಬದಲಿಸಿ, ನಾನೊಬ್ಬಳೇ ಡಲ್ಲಾಸಿನ ಒಂದು ಸೇಲಿಗೆ ಹೋದೆ. ಆಂಟಿ ಬರುತ್ತಾರೆಂದು ನನಗೆ ಗೊತ್ತಿರಲಿಲ್ಲ ಎಂದು ಬರೆದರೆ ಅದು ಇನ್ನೊಂದು ಜಾಣ ವಾಕ್ಯವಾದೀತು. ಆ ಸೇಲಿನ ಫೋಟೋದಲ್ಲಿ ಕೆಂಪು ಕಾರ್ಡಿನಲ್ ಹಕ್ಕಿಗಳ ಒಂದು ಜೋಡಿ ಇತ್ತು. ಕೆಂಪೆಂದರೆ ಆಂಟಿ ಬಿಡುವವರಲ್ಲ. ನಾನು ಹೋಗುವ ಹೊತ್ತಿಗೆ ಮೊದಲ ತಂಡ ಒಳಗಿತ್ತು. ನಡುಮನೆಯಲ್ಲಿ ಆ ಹುಡುಗಿ ಒಂದು ಹಕ್ಕಿಯನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಕಾರ್ಡಿನಲ್ ಅಲ್ಲ. ಪುಟ್ಟ ಕಂದು ಕೌಜುಗ, ಯಾರೂ ತಿರುಗಿ ನೋಡದಂಥದ್ದು. ಅದರ ಕತ್ತಿನಲ್ಲಿ ಹಸಿರು ಪಟ್ಟಿ, ಇಡಿಯಾಗಿತ್ತು.

ಆಂಟಿ ಪಕ್ಕದ ಊಟದ ಕೋಣೆಯಲ್ಲಿ ಬೆನ್ನು ತಿರುಗಿಸಿ ಕಾರ್ಡಿನಲ್‌ಗಳನ್ನು ನೋಡುತ್ತಿದ್ದರು. ಹುಡುಗಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಹೆಬ್ಬೆರಳಿನಿಂದ ಪಟ್ಟಿಯ ಅಂಚನ್ನು ಕೆರೆದು ನೋಡುತ್ತಿದ್ದಳು, ಏನೋ ಹಳೆಯ ಬೆಲೆಚೀಟಿ ಅಂಟಿಕೊಂಡಿದೆ ಎನ್ನುವ ಹಾಗೆ. ಇನ್ನೊಂದು ನಿಮಿಷ ಬಿಟ್ಟಿದ್ದರೆ ಅವಳೇ ಕಿತ್ತುಹಾಕುತ್ತಿದ್ದಳು. ನಾನು ಏನೂ ಮಾಡಬೇಕಾಗಿಯೂ ಇರಲಿಲ್ಲ, ಸುಮ್ಮನೆ ನಿಂತಿದ್ದರೆ ಸಾಕಿತ್ತು.

"ಅದನ್ನ ಕೀಳ್ಬೇಡ" ಎಂದೆ.

ಅವಳು ಬೆಚ್ಚಿ ತಲೆಯೆತ್ತಿದಳು. ಕನ್ನಡ ಕೇಳಿ ನಗು ಬಂತು ಅವಳಿಗೆ. ನಾನು ಹತ್ತಿರ ಹೋಗಿ ಎಲ್ಲ ಹೇಳಿದೆ. ಅದು ಏನು, ಯಾಕೆ ಇರಬೇಕು. ತೊಳೆಯಬೇಡ, ಒದ್ದೆ ಬಟ್ಟೆಯಲ್ಲೂ ಒರೆಸಬೇಡ, ಮನೆಯಲ್ಲಿ ಯಾರಾದರೂ ಮಡಿ ಎಂದರೂ ಬೇಡ, ಹಬ್ಬಕ್ಕೆ ಬೇರೆ ಹಕ್ಕಿ ಇಟ್ಟುಕೊಳ್ಳಲಿ. ಒಂದೊಂದು ಮಾತು ಹೇಳುವಾಗಲೂ ಅವಳ ಕೈಯಲ್ಲಿದ್ದ ಹಕ್ಕಿಯ ಬೆಲೆ ನನ್ನ ಕಣ್ಣೆದುರೇ ಏರುತ್ತಿತ್ತು, ಏರಿಸುತ್ತಿದ್ದವಳು ನಾನು. ಒಳ್ಳೆಯ ಕೆಲಸ ಮಾಡಿದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಅವಳ ಕೈಯಿಂದ ಕಿತ್ತುಕೊಂಡು ಓಡಬೇಕೆನಿಸಿತು.

ಅಕ್ಕಾ, ನಿಮಗೆ ಇದೆಲ್ಲ ಹೇಗೆ ಗೊತ್ತು ಎಂದು ಅವಳು ಕೇಳುವಷ್ಟರಲ್ಲಿ ಆಂಟಿ ಬಾಗಿಲಲ್ಲಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಎರಡೂ ಕೈಯಲ್ಲಿ ಒಂದೊಂದು ಕೆಂಪು ಹಕ್ಕಿ.

"ಹೇಗ್ ಬಂದೆ?" ಎಂದರು.

"ಬಸ್ಸಲ್ಲಿ."

"ಈ ಬಿಸಿಲಲ್ಲಾ?" ದುಡ್ಡು ಕೊಡುವ ಸಾಲಿನ ಕಡೆ ಹೊರಟವರು ಅರ್ಧಕ್ಕೇ ನಿಂತು, ನನ್ನ ಕಡೆ ತಿರುಗದೆ ಹೇಳಿದರು, "ಹಿಂದ್ಗಡೆ ಜಾಗ ಇದೆ. ಮುಂದೆ ಅವಳು ಕೂತ್ಕೋತಾಳೆ."

ಹಿಂದಿನ ಸೀಟಿನಲ್ಲಿ ಕಾರ್ಡಿನಲ್‌ಗಳನ್ನು ಟವೆಲಿನಲ್ಲಿ ಸುತ್ತಿ ಇಟ್ಟಿದ್ದರು. ಅವನ್ನು ಸರಿಸಿ ಕೂತೆ. ಮುಂದೆ ಹುಡುಗಿ ಥರ್ಮಾಸಿನ ಮುಚ್ಚಳ ತಿರುಗಿಸುತ್ತಾ ಕಾರ್ಡಿನಲ್ ಎಂದರೆ ನಮ್ಮ ಮರಕುಟಿಗ ಇರಬೇಕಲ್ವಾ ಆಂಟಿ ಎಂದು ಕೇಳಿದಳು, ಇರಬಹುದು ಕಣೇ ಎಂದರು ಆಂಟಿ. ಕಾರ್ಡಿನಲ್ಲಿಗೂ ಮರಕುಟಿಗಕ್ಕೂ ಸಂಬಂಧವೇ ಇಲ್ಲ. ನಾನು ಕಿಟಕಿಯ ಗಾಜು ಇಳಿಸಿದೆ, ಏರಿಸಿದೆ. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಆಂಟಿ ಕನ್ನಡಿಯಲ್ಲಿ ನನ್ನನ್ನು ನೋಡಿದರು.

"ಹೇಳು, ಹೇಳು" ಎಂದರು. "ತಡ್ಕೊಂಡು ಸತ್ತೀಯ."